ತಡವಾಗಿ ಬಂದು ಸೇರುವ ಸ್ಕ್ರಿಪ್ಟ್‌ಗಳಲ್ಲಿ ದೋಷ ಹುಡುಕುವ ಬಗೆ

ಪುಟ ತೆರೆದ ಕೂಡಲೇ ಬರುವ ಜಾವಾಸ್ಕ್ರಿಪ್ಟ್ ಫೈಲಿನಲ್ಲಿ ತಪ್ಪಿದ್ದರೆ ಅದನ್ನು ಹಿಡಿಯುವುದು ದೊಡ್ಡ ಕಷ್ಟವಲ್ಲ. ಬ್ರೌಸರಿನಲ್ಲೇ ಇರುವ ಡೆವ್‌ಟೂಲ್ಸ್ ಎಂಬ ಪರಿಶೀಲನಾ ಸಾಧನವನ್ನು ತೆರೆದು, ಸೋರ್ಸಸ್ ಟ್ಯಾಬಿನಲ್ಲಿ ಆ ಫೈಲನ್ನು ಆರಿಸಿ, ಬೇಕಾದ ಸಾಲಿಗೆ ಬ್ರೇಕ್‌ಪಾಯಿಂಟ್ (ಓಡುತ್ತಿರುವ ಕೋಡನ್ನು ಆ ಸಾಲಿನಲ್ಲಿ ನಿಲ್ಲಿಸುವ ಗುರುತು) ಹಾಕಿ, ಪುಟವನ್ನು ಮತ್ತೆ ಲೋಡ್ ಮಾಡಿದರೆ ಅರ್ಧ ಕೆಲಸ ಮುಗಿದಂತೆ. ಆದರೆ ಬಳಕೆದಾರರು ಒಂದು ಗುಂಡಿ ಒತ್ತಿದ ಮೇಲೋ, ಪಟ್ಟಿಯಿಂದ ಒಂದು ಹೆಸರನ್ನು ಆರಿಸಿದ ಮೇಲೋ ಮಾತ್ರ ಬರುವ ಸ್ಕ್ರಿಪ್ಟ್‌ಗಳ ವಿಷಯದಲ್ಲಿ ಈ ಕ್ರಮ ಕೈಕೊಡುತ್ತದೆ. ಬ್ರೇಕ್‌ಪಾಯಿಂಟ್ ಹಾಕಲು ಹೋದಾಗ ಫೈಲು ಪಟ್ಟಿಯಲ್ಲಿ ಇರುವುದಿಲ್ಲ; ಪಟ್ಟಿಗೆ ಬರುವ ಹೊತ್ತಿಗೆ ಅದು ಓಡಿ ಮುಗಿದಿರುತ್ತದೆ. ಶಿವಮೊಗ್ಗದಲ್ಲೋ ಸಾಗರದಲ್ಲೋ ಮನೆಯಿಂದಲೇ ವೆಬ್ ಕೆಲಸ ಮಾಡುವ ಹೊಸಬರನ್ನು ಮನಸ್ಸಿನಲ್ಲಿಟ್ಟುಕೊಂಡು, ಇಂಥ ಸ್ಕ್ರಿಪ್ಟ್‌ಗಳ ದೋಷವನ್ನು ಯಾವ ಕ್ರಮದಲ್ಲಿ ಹುಡುಕಬೇಕು ಎಂಬುದನ್ನು ಇಲ್ಲಿ ವಿವರಿಸಿದ್ದೇನೆ. ಇಲ್ಲಿ ಬಳಸಿರುವ ಹೆಸರುಗಳು ಕ್ರೋಮ್‌ನ ಡೆವ್‌ಟೂಲ್ಸ್‌ನವು. ಎಡ್ಜ್‌ನಲ್ಲಿಯೂ ಬಹುಮಟ್ಟಿಗೆ ಇವೇ ಹೆಸರುಗಳಿವೆ. ಫೈರ್‌ಫಾಕ್ಸ್‌ನಲ್ಲಿ ಸೋರ್ಸಸ್ ಟ್ಯಾಬಿನ ಜಾಗದಲ್ಲಿ ಡೀಬಗ್ಗರ್ ಎಂಬ ಟ್ಯಾಬ್ ಇರುತ್ತದೆ.

ವಿವರಣೆಗಾಗಿ ಒಂದು ಕಾಲ್ಪನಿಕ ಪುಟವನ್ನು ಇಟ್ಟುಕೊಳ್ಳೋಣ. ಅದು ಜಿಲ್ಲೆಯ ಅಡಿಕೆ ಧಾರಣೆಯನ್ನು ತೋರಿಸುವ ಪುಟ. ಮೇಲ್ಭಾಗದಲ್ಲಿ ಶಿವಮೊಗ್ಗ, ಭದ್ರಾವತಿ, ತೀರ್ಥಹಳ್ಳಿ, ಹೊಸನಗರ, ಸಾಗರ, ಸೊರಬ, ಶಿಕಾರಿಪುರ ಎಂದು 7 ತಾಲ್ಲೂಕುಗಳ ಪಟ್ಟಿಯಿದೆ. ಒಂದನ್ನು ಆರಿಸಿದರೆ ಆ ತಾಲ್ಲೂಕಿನ ಸ್ಕ್ರಿಪ್ಟ್ ಫೈಲು ಸರ್ವರಿನಿಂದ ಬಂದು, ರಾಶಿ, ಬೆಟ್ಟೆ, ಸರಕು, ಗೊರಬಲು ಎಂಬ ಅಡಿಕೆ ಬಗೆಗಳ ದರವನ್ನು ಕೋಷ್ಟಕದಲ್ಲಿ ಬರೆಯುತ್ತದೆ. ಕೋಷ್ಟಕ ಬರೆಯುವ ಸಾಮಾನ್ಯ ಕೆಲಸಗಳೆಲ್ಲ ಇನ್ನೊಂದು ದೊಡ್ಡ ಮೂಲ ಫೈಲಿನಲ್ಲಿವೆ, ಅದೂ ಮೊದಲ ಆಯ್ಕೆಯ ನಂತರವೇ ಬರುತ್ತದೆ. ಹಳ್ಳಿಯ ಮೊಬೈಲುಗಳಿಗೆ ಬೇಡದ ಭಾರ ಹೊರಿಸಬಾರದು ಎಂಬ ಒಳ್ಳೆಯ ಉದ್ದೇಶದಿಂದಲೇ ಹೀಗೆ ಬರೆದಿರುತ್ತಾರೆ. ಈಗ ಬಂದಿರುವ ದೂರು ಇಷ್ಟೇ: ಹೊಸನಗರವನ್ನು ಆರಿಸಿದರೆ ಕೆಲವೊಮ್ಮೆ ದರ ಬರುತ್ತದೆ, ಕೆಲವೊಮ್ಮೆ ಕೋಷ್ಟಕ ಖಾಲಿ ಉಳಿಯುತ್ತದೆ.

ಇಂಥ ದೂರು ಬಂದಾಗ ನೇರವಾಗಿ ಕೋಡ್ ತೆರೆದು ಓದಲು ಕೂರುವುದು ಕಾಲಹರಣ. ಸ್ಕ್ರಿಪ್ಟನ್ನು ಬ್ರೌಸರ್ ಕೇಳಿತೇ, ಕೇಳಿದ್ದು ಬಂತೇ, ಬಂದದ್ದು ಓಡಿತೇ, ಓಡಿದ್ದು ಸರಿಯಾದ ಹೊತ್ತಿನಲ್ಲಿ ಒಂದೇ ಸಲ ಓಡಿತೇ ಎಂಬ ನಾಲ್ಕು ಪ್ರಶ್ನೆಗಳನ್ನು ಇದೇ ಕ್ರಮದಲ್ಲಿ ಕೇಳಿಕೊಳ್ಳಬೇಕು. ಮೊದಲಿನ ಪ್ರಶ್ನೆಗೆ ಉತ್ತರ ಸಿಗುವ ಮುನ್ನ ಮುಂದಿನದಕ್ಕೆ ಹಾರಿದರೆ, ಬಾರದ ಫೈಲಿನಲ್ಲಿ ಬ್ರೇಕ್‌ಪಾಯಿಂಟ್ ಹಾಕಲು ಹೆಣಗುವ ಪರಿಸ್ಥಿತಿ ಬರುತ್ತದೆ.

ಕೇಳಿತೇ, ಬಂತೇ

ಮೊದಲು ನೆಟ್‌ವರ್ಕ್ ಟ್ಯಾಬನ್ನು ತೆರೆಯಿರಿ. ಅಲ್ಲಿ ಪ್ರಿಸರ್ವ್ ಲಾಗ್ ಮತ್ತು ಡಿಸೇಬಲ್ ಕ್ಯಾಶ್ ಎಂಬ ಎರಡು ಚೌಕಗಳಿಗೂ ಗುರುತು ಹಾಕಿ, ಜೆಎಸ್ ಎಂಬ ಸೋಸುಗುಂಡಿಯನ್ನು ಒತ್ತಿ, ಆಮೇಲೆ ಪುಟದಲ್ಲಿ ಹೊಸನಗರವನ್ನು ಆರಿಸಿರಿ. ಡೆವ್‌ಟೂಲ್ಸ್ ತೆರೆದಿರುವಷ್ಟು ಹೊತ್ತು ಮಾತ್ರ ಕ್ಯಾಶ್, ಅಂದರೆ ಬ್ರೌಸರ್ ಉಳಿಸಿಟ್ಟುಕೊಂಡ ಹಳೆಯ ಪ್ರತಿಗಳ ಬಳಕೆ, ನಿಲ್ಲುತ್ತದೆ ಎಂಬುದು ನೆನಪಿರಲಿ. ಮುಚ್ಚಿದ ಕೂಡಲೇ ಹಳೆಯ ಫೈಲು ಮತ್ತೆ ಬರಬಹುದು. ಪುಟಕ್ಕೆ ಸರ್ವಿಸ್ ವರ್ಕರ್ (ಪುಟ ಮತ್ತು ಸರ್ವರಿನ ನಡುವೆ ನಿಂತು ಕೆಲಸ ಮಾಡುವ ಸ್ಕ್ರಿಪ್ಟ್) ಇದ್ದರೆ ಅದು ತನ್ನದೇ ದಾಸ್ತಾನಿನಿಂದ ಫೈಲು ಕೊಡುತ್ತಿರುತ್ತದೆ, ಆದ್ದರಿಂದ ಅಪ್ಲಿಕೇಶನ್ ಟ್ಯಾಬಿನಲ್ಲಿ ಬೈಪಾಸ್ ಫಾರ್ ನೆಟ್‌ವರ್ಕ್ ಎಂಬುದಕ್ಕೂ ಗುರುತು ಹಾಕಿಕೊಳ್ಳುವುದು ಒಳ್ಳೆಯದು.

ಪಟ್ಟಿಯಲ್ಲಿ ಹೊಸ ಸಾಲೇ ಮೂಡದಿದ್ದರೆ ಬ್ರೌಸರ್ ಆ ಫೈಲನ್ನು ಕೇಳಿಯೇ ಇಲ್ಲ ಎಂದರ್ಥ. ಇದಕ್ಕೆ ನಾನು ಹೆಚ್ಚಾಗಿ ಕಂಡಿರುವ ಕಾರಣ, ಸ್ಕ್ರಿಪ್ಟ್ ಟ್ಯಾಗನ್ನು ಎಚ್‌ಟಿಎಂಎಲ್ ತುಣುಕಿನ ಭಾಗವಾಗಿ ಇನ್ನರ್‌ಎಚ್‌ಟಿಎಂಎಲ್ ಮೂಲಕ ಪುಟಕ್ಕೆ ಸೇರಿಸಿರುವುದು. ಹಾಗೆ ಸೇರಿಸಿದ ಸ್ಕ್ರಿಪ್ಟ್ ಟ್ಯಾಗ್ ಎಲಿಮೆಂಟ್ಸ್ ಟ್ಯಾಬಿನಲ್ಲಿ ಕಣ್ಣಿಗೆ ಕಾಣುತ್ತದೆ, ಆದರೆ ಎಚ್‌ಟಿಎಂಎಲ್ ನಿಯಮದ ಪ್ರಕಾರ ಅದು ಓಡುವುದಿಲ್ಲ. ಕ್ರಿಯೇಟ್‌ಎಲಿಮೆಂಟ್ ಬಳಸಿ ಟ್ಯಾಗನ್ನು ಸೃಷ್ಟಿಸಿ, ಎಸ್‌ಆರ್‌ಸಿ (ಫೈಲಿನ ವಿಳಾಸ) ಕೊಟ್ಟು, ಪುಟಕ್ಕೆ ಸೇರಿಸಿದರೆ ಮಾತ್ರ ಓಡುತ್ತದೆ. ಜೆಕ್ವೆರಿ ಎಂಬ ಲೈಬ್ರರಿಯ ಎಚ್‌ಟಿಎಂಎಲ್ ವಿಧಾನವು ಸ್ಕ್ರಿಪ್ಟ್‌ಗಳನ್ನು ತಾನೇ ಹುಡುಕಿ ಓಡಿಸುವುದರಿಂದ, ಜೆಕ್ವೆರಿಯನ್ನು ತೆಗೆದು ಶುದ್ಧ ಜಾವಾಸ್ಕ್ರಿಪ್ಟಿಗೆ ಬದಲಾಯಿಸಿದ ಹಳೆಯ ಪುಟಗಳಲ್ಲಿ ಈ ತೊಂದರೆ ಒಮ್ಮೆಲೇ ಕಾಣಿಸಿಕೊಳ್ಳುತ್ತದೆ. ಟೈಪ್ ಗುಣದಲ್ಲಿ ಅಕ್ಷರ ತಪ್ಪಿದ್ದರೂ ಬ್ರೌಸರ್ ಆ ಟ್ಯಾಗನ್ನು ದತ್ತಾಂಶವೆಂದು ತಿಳಿದು ಸುಮ್ಮನಾಗುತ್ತದೆ.

ಸಾಲು ಮೂಡಿದ್ದರೆ ಅದರ ಸ್ಟೇಟಸ್ ಕಾಲಮನ್ನು ನೋಡಿರಿ. 404 ಬಂದಿದ್ದರೆ ವಿಳಾಸ ತಪ್ಪು, ಹೆಚ್ಚಿನ ವಿಚಾರಣೆ ಬೇಕಿಲ್ಲ. ಬ್ಲಾಕ್ಡ್ ಎಂದಿದ್ದರೆ ಕನ್ಸೋಲಿನಲ್ಲಿ ಕಾರಣ ಸಿಗುತ್ತದೆ: ಯಾವ ತಾಣಗಳಿಂದ ಸ್ಕ್ರಿಪ್ಟ್ ತರಬಹುದು ಎಂದು ಪುಟವೇ ಹೇಳುವ ಕಂಟೆಂಟ್ ಸೆಕ್ಯುರಿಟಿ ಪಾಲಿಸಿ ಆ ತಾಣದ ಸ್ಕ್ರಿಪ್ಟಿಗೆ ಅನುಮತಿ ಕೊಟ್ಟಿಲ್ಲದಿರಬಹುದು, ಎಚ್‌ಟಿಟಿಪಿಎಸ್ ಪುಟ ಎಚ್‌ಟಿಟಿಪಿ ಫೈಲನ್ನು ಕೇಳಿರಬಹುದು, ಅಥವಾ ಜಾಹೀರಾತು ತಡೆಯುವ ಎಕ್ಸ್‌ಟೆನ್ಶನ್ ಫೈಲಿನ ಹೆಸರನ್ನು ನೋಡಿಯೇ ತಡೆದಿರಬಹುದು. ಕೊನೆಯದನ್ನು ಖಚಿತಪಡಿಸಿಕೊಳ್ಳಲು ಎಕ್ಸ್‌ಟೆನ್ಶನ್‌ಗಳಿಲ್ಲದ ಹೊಸ ಪ್ರೊಫೈಲಿನಲ್ಲಿ ಪುಟ ತೆರೆದು ನೋಡಿದರೆ ಸಾಕು.

200 (ಸರ್ವರ್ ಕೇಳಿದ್ದನ್ನು ಕೊಟ್ಟಿತು ಎಂಬ ಸಂಕೇತ) ಬಂದಿದೆ ಎಂದ ಮಾತ್ರಕ್ಕೆ ನೆಮ್ಮದಿಪಡುವಂತಿಲ್ಲ. ಸಾಲಿನ ಮೇಲೆ ಕ್ಲಿಕ್ ಮಾಡಿ ರೆಸ್ಪಾನ್ಸ್ ಭಾಗವನ್ನು ಕಣ್ಣಾರೆ ನೋಡಬೇಕು. ಇಲ್ಲದ ಫೈಲನ್ನು ಕೇಳಿದಾಗ 404 ಹೇಳುವ ಬದಲು ಮುಖಪುಟದ ಎಚ್‌ಟಿಎಂಎಲ್ಲನ್ನೇ 200ರೊಂದಿಗೆ ಕಳುಹಿಸುವಂತೆ ಎಷ್ಟೋ ಸರ್ವರ್‌ಗಳನ್ನು ಹೊಂದಿಸಿರುತ್ತಾರೆ, ಒಂದೇ ಪುಟದ ಅಪ್ಲಿಕೇಶನ್‌ಗಳಲ್ಲಿ ಇದು ವಾಡಿಕೆಯೇ ಆಗಿದೆ. ಆಗ ಬ್ರೌಸರ್ ಎಚ್‌ಟಿಎಂಎಲ್ಲನ್ನು ಜಾವಾಸ್ಕ್ರಿಪ್ಟ್ ಎಂದು ಓದಲು ಹೊರಟು, ಮೊದಲ ಅಕ್ಷರವಾದ ಕೋನಾವರಣದಲ್ಲೇ ಎಡವಿ, ‘ಅನ್‌ಎಕ್ಸ್‌ಪೆಕ್ಟೆಡ್ ಟೋಕನ್’ ಎಂಬ ಸಂದೇಶದ ಜೊತೆ ಆ ಕೋನಾವರಣವನ್ನು ತೋರಿಸುತ್ತದೆ. ಈ ಸಂದೇಶ ಕಂಡಾಗ ಕೋಡಿನ ವ್ಯಾಕರಣ ತಿದ್ದಲು ಹೋಗಬೇಡಿ. ಹತ್ತರಲ್ಲಿ ಒಂಬತ್ತು ಪಾಲು ತಪ್ಪು ವಿಳಾಸದಲ್ಲಿರುತ್ತದೆ. ಸರ್ವರ್ ನೋಸ್ನಿಫ್ ಹೆಡರನ್ನು ಕಳುಹಿಸುತ್ತಿದ್ದರೆ, ಅಥವಾ ಸ್ಕ್ರಿಪ್ಟ್ ಮಾಡ್ಯೂಲ್ ಬಗೆಯದಾಗಿದ್ದರೆ, ಬ್ರೌಸರ್ ಓದುವ ಪ್ರಯತ್ನವನ್ನೂ ಮಾಡದೆ ಮೈಮ್ ಟೈಪ್ (ಫೈಲಿನ ಬಗೆ ಯಾವುದೆಂದು ಸರ್ವರ್ ಹೇಳುವ ಗುರುತು) ಸರಿಯಿಲ್ಲವೆಂದು ತಿರಸ್ಕರಿಸುತ್ತದೆ.

ಕೇಳಿದವರು ಯಾರು ಎಂಬುದೂ ಇಲ್ಲಿಯೇ ತಿಳಿಯುತ್ತದೆ. ಇನಿಶಿಯೇಟರ್ ಎಂಬ ಕಾಲಮಿನ ಮೇಲೆ ಮೌಸ್ ಇಟ್ಟರೆ, ಆ ಕೋರಿಕೆಗೆ ಕಾರಣವಾದ ಫಂಕ್ಷನ್‌ಗಳ ಸರಣಿ ತೆರೆದುಕೊಳ್ಳುತ್ತದೆ. ಹತ್ತಾರು ಲೈಬ್ರರಿಗಳು ಸೇರಿಕೊಂಡಿರುವ ಪುಟದಲ್ಲಿ ಯಾವ ಲೈಬ್ರರಿ ಈ ಫೈಲನ್ನು ಎಳೆದು ತಂದಿತು ಎಂದು ಊಹಿಸುತ್ತಾ ಕೂರಬೇಕಾಗಿಲ್ಲ. ಅಷ್ಟಕ್ಕೂ ತಿಳಿಯದಿದ್ದರೆ ಎಲಿಮೆಂಟ್ಸ್ ಟ್ಯಾಬಿನಲ್ಲಿ ಹೆಡ್ ಟ್ಯಾಗಿನ ಮೇಲೆ ಬಲಗ್ಲಿಕ್ ಮಾಡಿ, ಬ್ರೇಕ್ ಆನ್ ಎಂಬಲ್ಲಿ ಸಬ್‌ಟ್ರೀ ಮಾಡಿಫಿಕೇಶನ್ಸ್ ಆರಿಸಿರಿ. ಯಾರಾದರೂ ಅಲ್ಲಿ ಹೊಸ ಸ್ಕ್ರಿಪ್ಟ್ ಟ್ಯಾಗನ್ನು ಸೇರಿಸಲು ಬಂದ ಕ್ಷಣವೇ ಬ್ರೌಸರ್ ನಿಲ್ಲುತ್ತದೆ.

ಮೊದಲು ಹೆಸರು ಕೊಡಿ

ಫೈಲು ಬಂದಿದೆ ಎಂದು ಖಚಿತವಾದ ಮೇಲೆ ಅದರ ಒಳಗೆ ಹೋಗಬೇಕು. ಟ್ಯಾಗಿನ ಎಸ್‌ಆರ್‌ಸಿ ಮೂಲಕ ಬಂದ ಫೈಲು ಸೋರ್ಸಸ್ ಟ್ಯಾಬಿನಲ್ಲಿ ತನ್ನ ವಿಳಾಸದೊಂದಿಗೆ ಕಾಣಿಸುತ್ತದೆ. ಕಂಟ್ರೋಲ್ ಮತ್ತು ಪಿ ಕೀಲಿ ಒತ್ತಿ ಹೆಸರು ಬರೆದರೆ ಕೈಗೆ ಸಿಗುತ್ತದೆ. ಆದರೆ ಎಲ್ಲ ಸ್ಕ್ರಿಪ್ಟ್‌ಗಳೂ ಹಾಗೆ ಬರುವುದಿಲ್ಲ. ಕೆಲವು ಲೋಡರ್‌ಗಳು, ಅಂದರೆ ಬೇಕಾದಾಗ ಸ್ಕ್ರಿಪ್ಟ್ ತಂದು ಓಡಿಸುವ ಕೋಡುಗಳು, ಫೈಲನ್ನು ಪಠ್ಯವಾಗಿ ತರಿಸಿಕೊಂಡು, ಪಠ್ಯವನ್ನೇ ಕೋಡಾಗಿ ಓಡಿಸುವ ಇವಾಲ್ ಮೂಲಕವೋ, ನ್ಯೂ ಫಂಕ್ಷನ್ ಮೂಲಕವೋ ಓಡಿಸುತ್ತವೆ. ಜೆಕ್ವೆರಿ 3ನೇ ಸರಣಿಯ ಗೆಟ್‌ಸ್ಕ್ರಿಪ್ಟ್ ಕೂಡ ಅದೇ ತಾಣದ ಫೈಲಾದರೆ ಪಠ್ಯವಾಗಿಯೇ ತಂದು ಓಡಿಸುತ್ತದೆ. ಆಗ ಬ್ರೌಸರಿಗೆ ಆ ಕೋಡಿನ ವಿಳಾಸ ತಿಳಿಯುವುದಿಲ್ಲ, ತಾನೇ ವಿಎಂ ಎಂಬ ಅಕ್ಷರಗಳ ಮುಂದೆ ಒಂದು ಸಂಖ್ಯೆ ಹಚ್ಚಿ ಹೆಸರಿಡುತ್ತದೆ. ಮುಂದಿನ ಸಲ ಆ ಸಂಖ್ಯೆ ಬೇರೆಯಾಗಿರುತ್ತದೆ. ಹಾಕಿದ ಬ್ರೇಕ್‌ಪಾಯಿಂಟ್ ಉಳಿಯುವುದಿಲ್ಲ, ದೋಷದ ವರದಿಯಲ್ಲಿ ಬಂದ ಸಂಖ್ಯೆ ಯಾವ ತಾಲ್ಲೂಕಿನ ಫೈಲಿನದು ಎಂದು ಹೇಳಲೂ ಆಗುವುದಿಲ್ಲ. ಯಜಮಾನನ ಗುರುತಿಲ್ಲದೆ ಮಂಡಿಗೆ ಬಂದು ಬಿದ್ದ ಅಡಿಕೆ ಚೀಲದ ಸ್ಥಿತಿ ಅದರದು.

ಪರಿಹಾರ ಒಂದೇ ಸಾಲಿನದು. ಆ ಕೋಡಿನ ಕೊನೆಯಲ್ಲಿ ಒಂದು ಟಿಪ್ಪಣಿ ಸಾಲನ್ನು ಸೇರಿಸಬೇಕು: ಎರಡು ಓರೆಗೆರೆ, ಅದಕ್ಕೆ ಅಂಟಿದಂತೆ ಹ್ಯಾಶ್ ಚಿಹ್ನೆ, ಒಂದು ಖಾಲಿ ಜಾಗ, ಅನಂತರ ಸೋರ್ಸ್‌ಯುಆರ್‌ಎಲ್ ಎಂಬ ಪದ, ಸಮ ಚಿಹ್ನೆ, ಅದರ ಮುಂದೆ ನೀವು ಇಡಬಯಸುವ ಹೆಸರು. ಸೋರ್ಸ್ ಎಂಬ ಭಾಗ ಸಣ್ಣಕ್ಷರಗಳಲ್ಲಿಯೂ ಯುಆರ್‌ಎಲ್ ಎಂಬ ಮೂರು ಅಕ್ಷರಗಳು ದೊಡ್ಡಕ್ಷರಗಳಲ್ಲಿಯೂ ಇರಬೇಕು. ಹೆಸರಿನ ನಡುವೆ ಖಾಲಿ ಜಾಗ ಇರಬಾರದು. ಇಷ್ಟಾದರೆ ಆ ಕೋಡು ಸೋರ್ಸಸ್ ಟ್ಯಾಬಿನ ಪಟ್ಟಿಯಲ್ಲಿ ಅದೇ ಹೆಸರಿನಿಂದ ಕಾಣಿಸಿಕೊಳ್ಳುತ್ತದೆ, ಬ್ರೇಕ್‌ಪಾಯಿಂಟ್ ಮುಂದಿನ ಸಲಕ್ಕೂ ಉಳಿಯುತ್ತದೆ, ದೋಷ ಬಂದಾಗ, ಅಲ್ಲಿಯವರೆಗೆ ಒಂದನ್ನೊಂದು ಕರೆದ ಫಂಕ್ಷನ್‌ಗಳ ಪಟ್ಟಿಯಾದ ಸ್ಟ್ಯಾಕ್ ಟ್ರೇಸಿನಲ್ಲಿಯೂ ಅದೇ ಹೆಸರು ಬರುತ್ತದೆ. ನಮ್ಮ ಉದಾಹರಣೆಯಲ್ಲಿ ಸರ್ವರಿನ ಕಡೆಯಲ್ಲೇ ಪ್ರತಿ ತಾಲ್ಲೂಕಿನ ಫೈಲಿನ ಕೊನೆಗೆ ಈ ಸಾಲನ್ನು ಸೇರಿಸುವಂತೆ ಮಾಡಬಹುದು, ಇಲ್ಲವೇ ಲೋಡರ್ ಪಠ್ಯವನ್ನು ಓಡಿಸುವ ಮುನ್ನ ತಾನೇ ಅಂಟಿಸಬಹುದು. ಎರಡನೆಯ ದಾರಿಯಲ್ಲಿ ಅಂಟಿಸುವಾಗ ಮುಂದೆ ಹೊಸ ಸಾಲಿನ ಚಿಹ್ನೆಯನ್ನು ಮರೆಯಬಾರದು, ಏಕೆಂದರೆ ಕೋಡಿನ ಕೊನೆಯ ಸಾಲೇ ಒಂದು ಟಿಪ್ಪಣಿಯಾಗಿದ್ದರೆ ಹೆಸರು ಅದರೊಳಗೆ ಹೂತುಹೋಗುತ್ತದೆ.

ಹಳೆಯ ಕೋಡಿನಲ್ಲಿ ಹ್ಯಾಶ್ ಚಿಹ್ನೆಯ ಬದಲು ಅಟ್ ಚಿಹ್ನೆ ಕಾಣಬಹುದು. ಮೊದಲಿಗೆ ಹಾಗೆಯೇ ಬರೆಯುತ್ತಿದ್ದರು. ಇಂಟರ್ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ಓರೆಗೆರೆ ಮತ್ತು ಅಟ್ ಚಿಹ್ನೆಗಳ ಜೋಡಣೆಗೆ ಕಂಡೀಶನಲ್ ಕಂಪೈಲೇಶನ್ ಎಂಬ ಬೇರೆಯೇ ಅರ್ಥ ಇದ್ದುದರಿಂದ ಎರಡಕ್ಕೂ ತಾಕಲಾಟವಾಗಿ ಹ್ಯಾಶ್ ಚಿಹ್ನೆಗೆ ಬದಲಾಯಿಸಿದರು. ಹಲವು ಫೈಲುಗಳನ್ನು ಒಟ್ಟುಗೂಡಿಸಿ ಕಟ್ಟುವ ವೆಬ್‌ಪ್ಯಾಕ್ ಕೂಡ ಅಭಿವೃದ್ಧಿಯ ಹಂತದಲ್ಲಿ ತನ್ನ ಮಾಡ್ಯೂಲ್‌ಗಳನ್ನು ಇವಾಲ್ ಮೂಲಕ ಓಡಿಸುತ್ತಾ ಪ್ರತಿಯೊಂದರ ಕೊನೆಗೂ ಇದೇ ಸಾಲನ್ನು ಸೇರಿಸುತ್ತದೆ. ಅಲ್ಲಿ ಫೈಲುಗಳು ತಮ್ಮ ಹೆಸರಿನಲ್ಲೇ ಕಾಣುವುದಕ್ಕೆ ಕಾರಣ ಇದು.

ಹೆಸರಿಲ್ಲದ ಕೋಡನ್ನು ಹುಡುಕಲೇಬೇಕಾಗಿ ಬಂದು, ಅದನ್ನು ಬದಲಾಯಿಸುವ ಅಧಿಕಾರ ನಿಮಗಿಲ್ಲದಿದ್ದರೆ, ಡೆವ್‌ಟೂಲ್ಸ್‌ನ ಸೆಟ್ಟಿಂಗ್ಸ್‌ನಲ್ಲಿ ಸೋರ್ಸಸ್ ಭಾಗಕ್ಕೆ ಹೋಗಿ ‘ಸರ್ಚ್ ಇನ್ ಅನಾನಿಮಸ್ ಅಂಡ್ ಕಂಟೆಂಟ್ ಸ್ಕ್ರಿಪ್ಟ್ಸ್’ ಎಂಬುದಕ್ಕೆ ಗುರುತು ಹಾಕಿರಿ. ಅನಂತರ ಕಂಟ್ರೋಲ್, ಶಿಫ್ಟ್ ಮತ್ತು ಎಫ್ ಕೀಲಿಗಳನ್ನು ಒಟ್ಟಿಗೆ ಒತ್ತಿ, ಆ ಕೋಡಿನಲ್ಲಿ ಮಾತ್ರ ಇರಬಹುದಾದ ಒಂದು ಪದವನ್ನು ಹುಡುಕಬಹುದು. ನಮ್ಮ ಪುಟದಲ್ಲಾದರೆ ಗೊರಬಲು ಎಂಬ ಪದವೇ ಸಾಕು.

ಓಡುವಾಗಲೇ ತಡೆದು ನಿಲ್ಲಿಸುವುದು

ಕೋಡು ನಿಮ್ಮದೇ ಆಗಿದ್ದರೆ ಅತ್ಯಂತ ಸುಲಭದ ಉಪಾಯ, ಅನುಮಾನವಿರುವ ಜಾಗದಲ್ಲಿ ಡೀಬಗ್ಗರ್ ಎಂಬ ಒಂದೇ ಪದದ ಆಜ್ಞೆಯನ್ನು ಬರೆಯುವುದು. ಡೆವ್‌ಟೂಲ್ಸ್ ತೆರೆದಿದ್ದರೆ, ಕೋಡು ಹೇಗೆ ಬಂದಿರಲಿ, ಅದಕ್ಕೆ ಹೆಸರಿರಲಿ ಇಲ್ಲದಿರಲಿ, ಬ್ರೌಸರ್ ಅಲ್ಲಿ ನಿಲ್ಲುತ್ತದೆ. ಬೇರೆಯವರ ಫೈಲಾದರೆ ಸೋರ್ಸಸ್ ಟ್ಯಾಬಿನ ಓವರ್‌ರೈಡ್ಸ್ ಭಾಗದಲ್ಲಿ ನಿಮ್ಮ ಕಂಪ್ಯೂಟರಿನ ಒಂದು ಫೋಲ್ಡರನ್ನು ತೋರಿಸಿ, ಆ ಫೈಲಿನ ಪ್ರತಿಯನ್ನು ಅಲ್ಲಿ ಉಳಿಸಿಕೊಂಡು, ಆ ಪ್ರತಿಯಲ್ಲಿ ಈ ಪದವನ್ನು ಬರೆಯಬಹುದು. ಮುಂದೆ ಬ್ರೌಸರ್ ಸರ್ವರಿನ ಫೈಲಿನ ಬದಲು ನಿಮ್ಮ ಪ್ರತಿಯನ್ನೇ ಓಡಿಸುತ್ತದೆ. ಈ ಸೌಲಭ್ಯ ಕ್ರೋಮ್ 65ರಿಂದ ಇದೆ. ಕೆಲಸ ಮುಗಿದ ಮೇಲೆ ಅದನ್ನು ನಿಲ್ಲಿಸದೆ ಬಿಟ್ಟರೆ ಸರ್ವರಿನಲ್ಲಿ ಎಷ್ಟು ತಿದ್ದಿದರೂ ನಿಮಗೆ ಹಳೆಯದೇ ಕಾಣುತ್ತಿರುತ್ತದೆ.

ಕೋಡನ್ನು ಮುಟ್ಟದೆಯೇ ನಿಲ್ಲಿಸುವ ದಾರಿ ಇನ್ನೊಂದಿದೆ. ಸೋರ್ಸಸ್ ಟ್ಯಾಬಿನ ಬಲಬದಿಯಲ್ಲಿ ಈವೆಂಟ್ ಲಿಸನರ್ ಬ್ರೇಕ್‌ಪಾಯಿಂಟ್ಸ್ ಎಂಬ ಪಟ್ಟಿಯನ್ನು ಬಿಚ್ಚಿ, ಸ್ಕ್ರಿಪ್ಟ್ ಎಂಬ ಗುಂಪಿನಲ್ಲಿ ಸ್ಕ್ರಿಪ್ಟ್ ಫಸ್ಟ್ ಸ್ಟೇಟ್‌ಮೆಂಟ್ ಎಂಬುದಕ್ಕೆ ಗುರುತು ಹಾಕಿದರೆ, ಟ್ಯಾಗಿನ ಮೂಲಕ ಬರುವ ಪ್ರತಿ ಸ್ಕ್ರಿಪ್ಟಿನ ಮೊದಲ ಆಜ್ಞೆಯಲ್ಲೇ ಬ್ರೌಸರ್ ನಿಲ್ಲುತ್ತದೆ. ಇದನ್ನು ಪುಟ ತೆರೆಯುವ ಮೊದಲೇ ಹಾಕಿದರೆ ಇಪ್ಪತ್ತು ಮೂವತ್ತು ಸಲ ಮುಂದುವರಿಸುವ ಗುಂಡಿ ಒತ್ತಿ ಬೇಸತ್ತು ಹೋಗುತ್ತೀರಿ. ಪುಟ ಪೂರ್ತಿ ತೆರೆದುಕೊಂಡ ಮೇಲೆ, ಹೊಸನಗರವನ್ನು ಆರಿಸುವುದಕ್ಕೆ ಸ್ವಲ್ಪ ಮುಂಚೆ ಗುರುತು ಹಾಕುವುದೇ ಸರಿ. ನಿಂತ ಮೇಲೆ ಫೈಲು ಕಣ್ಣ ಮುಂದೆಯೇ ತೆರೆದಿರುತ್ತದೆ, ಬೇಕಾದ ಸಾಲುಗಳಿಗೆ ಬ್ರೇಕ್‌ಪಾಯಿಂಟ್ ಹಾಕಿ ಮುಂದುವರಿಯಬಹುದು. ಕೋಡು ಒತ್ತೊತ್ತಾಗಿ ಒಂದೇ ಸಾಲಿನಲ್ಲಿದ್ದರೆ ಕೆಳಗಿನ ಪುಷ್ಪಾವರಣದ ಗುಂಡಿ ಅದನ್ನು ಬಿಡಿಸಿ ತೋರಿಸುತ್ತದೆ.

ಬ್ರೇಕ್‌ಪಾಯಿಂಟ್ ಹಾಕಿದರೂ ಮುಂದಿನ ಸಲ ಮಾಯವಾಗುತ್ತಿದ್ದರೆ ಫೈಲಿನ ವಿಳಾಸವನ್ನು ಗಮನಿಸಿರಿ. ಬ್ರೌಸರ್ ಬ್ರೇಕ್‌ಪಾಯಿಂಟನ್ನು ವಿಳಾಸದ ಆಧಾರದ ಮೇಲೆ ನೆನಪಿಡುತ್ತದೆ. ಕ್ಯಾಶ್ ತಪ್ಪಿಸಲೆಂದು ವಿಳಾಸದ ಕೊನೆಗೆ ಪ್ರಶ್ನಾರ್ಥಕ ಚಿಹ್ನೆ ಹಾಕಿ ಪ್ರತಿ ಸಲ ಹೊಸ ಸಮಯಸಂಖ್ಯೆಯನ್ನು ಸೇರಿಸಿದರೆ, ಬ್ರೌಸರಿನ ಲೆಕ್ಕದಲ್ಲಿ ಪ್ರತಿ ಸಲವೂ ಅದು ಹೊಸ ಫೈಲು. ಜೆಕ್ವೆರಿಯ ಗೆಟ್‌ಸ್ಕ್ರಿಪ್ಟ್ ಇದನ್ನು ಕೇಳದೆಯೇ ಮಾಡುತ್ತದೆ. ಕ್ಯಾಶ್ ಎಂಬ ಆಯ್ಕೆಯನ್ನು ಟ್ರೂ ಎಂದು ಕೊಟ್ಟರೆ ನಿಲ್ಲುತ್ತದೆ.

ಕನ್ಸೋಲಿನಲ್ಲಿ ಎಲ್ಲೂ ದೋಷದ ಕೆಂಪು ಸಾಲಿಲ್ಲದೆ ಕೋಷ್ಟಕ ಮಾತ್ರ ಖಾಲಿ ಉಳಿದರೆ, ದೋಷವನ್ನು ಲೋಡರೇ ನುಂಗಿಕೊಂಡಿದೆಯೇ ಎಂದು ನೋಡಬೇಕು. ಟ್ರೈ ಮತ್ತು ಕ್ಯಾಚ್‌ಗಳ ನಡುವೆ ಓಡಿಸಿ, ಕ್ಯಾಚ್ ಭಾಗವನ್ನು ಖಾಲಿ ಬಿಟ್ಟಿರುವ ಲೋಡರ್‌ಗಳಿಗೆ ಕೊರತೆಯಿಲ್ಲ. ಸೋರ್ಸಸ್ ಟ್ಯಾಬಿನಲ್ಲಿ ಪಾಜ್ ಆನ್ ಕಾಟ್ ಎಕ್ಸೆಪ್ಶನ್ಸ್ ಎಂಬುದಕ್ಕೆ ಗುರುತು ಹಾಕಿದರೆ ಹೀಗೆ ನುಂಗಿದ ದೋಷವೂ ಹುಟ್ಟಿದ ಜಾಗದಲ್ಲೇ ಸಿಕ್ಕಿಬೀಳುತ್ತದೆ. ಟ್ಯಾಗಿನ ಆನ್‌ಲೋಡ್ ಬಂದಿತು, ಆದ್ದರಿಂದ ಎಲ್ಲವೂ ಸರಿಯಿದೆ ಎಂಬ ನಂಬಿಕೆಯೂ ತಪ್ಪು. ಫೈಲು ಬಂದು ಅದರೊಳಗಿನ ಕೋಡು ನಡುವಿನಲ್ಲೇ ಮುರಿದು ಬಿದ್ದರೂ ಆನ್‌ಲೋಡ್ ಬರುತ್ತದೆ. ಆನ್‌ಎರರ್ ಬರುವುದು ಫೈಲನ್ನು ತರುವುದರಲ್ಲಿಯೇ ಸೋತಾಗ ಮಾತ್ರ. ಸ್ಕ್ರಿಪ್ಟ್ ನಿಜವಾಗಿ ಕೆಲಸ ಮುಗಿಸಿತೇ ಎಂದು ತಿಳಿಯಬೇಕಾದರೆ, ಅದು ಕೊನೆಯಲ್ಲಿ ತನ್ನನ್ನು ತಾನೇ ನೋಂದಾಯಿಸಿಕೊಳ್ಳುವಂತೆ ಬರೆದು, ಆನ್‌ಲೋಡಿನಲ್ಲಿ ಆ ನೋಂದಣಿ ಇದೆಯೇ ಎಂದು ಪರೀಕ್ಷಿಸಬೇಕು.

ಹೊತ್ತು ತಪ್ಪಿ ಓಡುವ ಸ್ಕ್ರಿಪ್ಟ್‌ಗಳು

ಕೆಲವೊಮ್ಮೆ ಬರುತ್ತದೆ, ಕೆಲವೊಮ್ಮೆ ಬರುವುದಿಲ್ಲ ಎಂಬ ದೂರಿನ ಬೇರು ಸಾಮಾನ್ಯವಾಗಿ ಇರುವುದು ಇಲ್ಲಿ. ಕ್ರಿಯೇಟ್‌ಎಲಿಮೆಂಟ್ ಮೂಲಕ ಸೇರಿಸಿದ ಸ್ಕ್ರಿಪ್ಟ್‌ಗಳು ತಾವಾಗಿಯೇ ಅಸಿಂಕ್ ಬಗೆಯವು, ಅಂದರೆ ಸೇರಿಸಿದ ಕ್ರಮದಲ್ಲಿ ಓಡುವುದಿಲ್ಲ, ಬಂದ ಕ್ರಮದಲ್ಲಿ ಓಡುತ್ತವೆ. ನಮ್ಮ ಪುಟದಲ್ಲಿ ಮೂಲ ಫೈಲು 200 ಕೆಬಿ, ಹೊಸನಗರದ ಫೈಲು 4 ಕೆಬಿ ಎಂದುಕೊಳ್ಳಿ. ಬರೆದವರ ಕಂಪ್ಯೂಟರಿನಲ್ಲಿ ಮೂಲ ಫೈಲು ಕ್ಯಾಶಿನಲ್ಲಿಯೇ ಇರುವುದರಿಂದ ಯಾವಾಗಲೂ ಮೊದಲು ಬರುತ್ತದೆ. ಹೊಸನಗರದ ಕಡೆಯ ಹಳ್ಳಿಯೊಂದರಲ್ಲಿ ಮೊದಲ ಸಲ ಪುಟ ತೆರೆದವರ ಮೊಬೈಲಿಗೆ ಆ 200 ಕೆಬಿ ತೆವಳುತ್ತಾ ಬರುವಷ್ಟರಲ್ಲಿ 4 ಕೆಬಿಯ ಫೈಲು ಬಂದು, ಓಡಿ, ಇನ್ನೂ ಹುಟ್ಟಿರದ ಫಂಕ್ಷನ್ನನ್ನು ಕರೆದು, ‘ಈಸ್ ನಾಟ್ ಡಿಫೈನ್ಡ್’ ಎಂಬ ದೋಷದೊಂದಿಗೆ ಸತ್ತಿರುತ್ತದೆ. ಎರಡನೆಯ ಸಲ ತೆರೆದಾಗ ಮೂಲ ಫೈಲು ಕ್ಯಾಶಿನಲ್ಲಿರುವುದರಿಂದ ಎಲ್ಲವೂ ಸರಿಯಾಗಿ ಕಾಣುತ್ತದೆ. ದೂರು ಕೊಟ್ಟವರಿಗೆ ಮತ್ತೊಮ್ಮೆ ತೆರೆದು ನೋಡಿ ಎಂದು ಹೇಳಿ ಕಳುಹಿಸುವ ಅಭ್ಯಾಸ ಈ ದೋಷವನ್ನು ವರ್ಷಗಟ್ಟಲೆ ಬದುಕಿಸಿಡುತ್ತದೆ.

ತಿದ್ದುವ ದಾರಿಗಳು ಮೂರು. ಎರಡೂ ಟ್ಯಾಗ್‌ಗಳಿಗೆ ಅಸಿಂಕ್ ಗುಣವನ್ನು ಫಾಲ್ಸ್ ಎಂದು ಕೊಟ್ಟು ಆಮೇಲೆ ಪುಟಕ್ಕೆ ಸೇರಿಸಿದರೆ, ಒಟ್ಟಿಗೆ ಬಂದರೂ ಸೇರಿಸಿದ ಕ್ರಮದಲ್ಲೇ ಓಡುತ್ತವೆ. ಮೊದಲನೆಯದರ ಆನ್‌ಲೋಡ್ ಬಂದ ಮೇಲೆ ಎರಡನೆಯದನ್ನು ಸೇರಿಸಬಹುದು, ಆದರೆ ನಿಧಾನಗತಿಯ ಸಂಪರ್ಕದಲ್ಲಿ ಒಂದರ ಹಿಂದೆ ಒಂದು ತರುವುದು ತಡವನ್ನು ಹೆಚ್ಚಿಸುತ್ತದೆ. ಹೊಸದಾಗಿ ಬರೆಯುತ್ತಿದ್ದರೆ ಡೈನಾಮಿಕ್ ಇಂಪೋರ್ಟ್ ಬಳಸಿ, ತಾಲ್ಲೂಕಿನ ಮಾಡ್ಯೂಲೇ ತನಗೆ ಬೇಕಾದ ಮೂಲ ಮಾಡ್ಯೂಲನ್ನು ಕೇಳಿಕೊಳ್ಳುವಂತೆ ಮಾಡುವುದು ಮೂರನೆಯ ದಾರಿ. ನನ್ನ ಆಯ್ಕೆ ಇದೇ, ಏಕೆಂದರೆ ಇಲ್ಲಿ ಕ್ರಮವನ್ನು ಕಾಯುವ ಹೊಣೆ ಬ್ರೌಸರಿನದು.

ಸಂಪರ್ಕದ ವೇಗವನ್ನು ಅನುಕರಿಸಲು ನೆಟ್‌ವರ್ಕ್ ಟ್ಯಾಬಿನ ಥ್ರಾಟ್ಲಿಂಗ್ ಪಟ್ಟಿಯಲ್ಲಿ 3ಜಿಯನ್ನು ಆರಿಸಬಹುದು, ಇನ್ನೂ ನಿಧಾನ ಬೇಕಿದ್ದರೆ ಸ್ವಂತ ಪ್ರೊಫೈಲನ್ನು ಸೇರಿಸಿಕೊಳ್ಳಬಹುದು. ಆದರೆ ಥ್ರಾಟ್ಲಿಂಗ್ ಎಲ್ಲವನ್ನೂ ಒಂದೇ ಸಮನೆ ನಿಧಾನಗೊಳಿಸುತ್ತದೆ. ಮಳೆಗಾಲದ ಆಗುಂಬೆಯಲ್ಲಿ ಸಂಪರ್ಕ ನಿಧಾನವಾಗುವುದಷ್ಟೇ ಅಲ್ಲ, ನಡುವೆ ಕಡಿದುಹೋಗಿ ಮತ್ತೆ ಬರುತ್ತದೆ. ಆದ್ದರಿಂದ ಆಫ್‌ಲೈನ್ ಆಯ್ಕೆಯನ್ನು ಅರ್ಧದಲ್ಲಿ ಹಾಕಿ ತೆಗೆದು ನೋಡಬೇಕು, ಒಂದು ಫೈಲನ್ನು ಮಾತ್ರ ತಡೆಯುವ ರಿಕ್ವೆಸ್ಟ್ ಬ್ಲಾಕಿಂಗ್ ಸೌಲಭ್ಯವನ್ನೂ ಬಳಸಿ ನೋಡಬೇಕು. ಮೂಲ ಫೈಲು ಬಾರದೇ ಹೋದರೆ ಪುಟ ಏನು ಹೇಳುತ್ತದೆ ಎಂಬುದಕ್ಕೆ ಉತ್ತರ ಅಲ್ಲಿ ಸಿಗುತ್ತದೆ.

ಲೋಡರ್‌ಗಳು ಎಷ್ಟು ಹೊತ್ತು ಕಾಯುತ್ತವೆ ಎಂಬುದನ್ನೂ ತಿಳಿದಿರಬೇಕು. ರಿಕ್ವೈರ್‌ಜೆಎಸ್ ಎಂಬ ಲೋಡರ್, ನೀವು ಬೇರೆ ಹೇಳದಿದ್ದರೆ, 7 ಸೆಕೆಂಡ್ ಕಾದು, ಲೋಡ್ ಟೈಮ್‌ಔಟ್ ಎಂದು ಕೈಬಿಡುತ್ತದೆ. ನಗರದ ಕಚೇರಿಯಲ್ಲಿ 7 ಸೆಕೆಂಡ್ ಎಂಬುದು ಬೇಕಾದಷ್ಟು. ಘಟ್ಟದ ಇಳಿಜಾರಿನ ಮನೆಯಲ್ಲಿ ಅದು ಏನೇನೂ ಸಾಲದು. ವೇಟ್‌ಸೆಕೆಂಡ್ಸ್ ಎಂಬ ಆಯ್ಕೆಯಿಂದ ಅದನ್ನು ಹೆಚ್ಚಿಸಬಹುದು, ಸೊನ್ನೆ ಕೊಟ್ಟರೆ ಮಿತಿಯೇ ಇರುವುದಿಲ್ಲ. ವೆಬ್‌ಪ್ಯಾಕ್ ತನ್ನ ತುಂಡು ಫೈಲುಗಳಿಗಾಗಿ 120 ಸೆಕೆಂಡ್ ಕಾಯುತ್ತದೆ. ಇವಲ್ಲದೆ ಬ್ರೌಸರಿನದೇ ಒಂದು ನಿಯಮವಿದೆ: ಡಾಕ್ಯುಮೆಂಟ್ ರೈಟ್ ಬಳಸಿ ಬೇರೆ ತಾಣದ ಸ್ಕ್ರಿಪ್ಟನ್ನು ಪುಟಕ್ಕೆ ತುರುಕಿದರೆ, 2016ರಲ್ಲಿ ಬಂದ ಕ್ರೋಮ್ 55ರಿಂದ ಈಚೆಗೆ 2ಜಿ ಸಂಪರ್ಕದಲ್ಲಿ ಬ್ರೌಸರ್ ಅದನ್ನು ತರದೆ ಬಿಡಬಹುದು. ಕಚೇರಿಯಲ್ಲಿ ಓಡುವ ಹಳೆಯ ಪುಟ ಸಿಗ್ನಲ್ ಕಡಿಮೆಯಿರುವ ಊರಿನಲ್ಲಿ ಓಡದಿದ್ದರೆ ಈ ಕಾರಣವನ್ನೂ ಪರೀಕ್ಷಿಸಿರಿ.

ಹೊತ್ತಿನ ದೋಷಗಳಲ್ಲಿ ನನಗೆ ಅತ್ಯಂತ ಅಪಾಯಕಾರಿ ಎನಿಸುವುದು ಕೆಂಪು ಸಾಲೇ ಇಲ್ಲದ ಒಂದು ದೋಷ. ಬಳಕೆದಾರರು ಹೊಸನಗರವನ್ನು ಆರಿಸಿ, ತಡವಾಯಿತೆಂದು ಸಾಗರವನ್ನು ಆರಿಸುತ್ತಾರೆ. ಸಾಗರದ ಫೈಲು ಮೊದಲು ಬಂದು ಕೋಷ್ಟಕವನ್ನು ತುಂಬುತ್ತದೆ, ಆಮೇಲೆ ಹೊಸನಗರದ್ದು ಬಂದು ಅದೇ ಕೋಷ್ಟಕವನ್ನು ಅಳಿಸಿ ತನ್ನದನ್ನು ಬರೆಯುತ್ತದೆ. ಶೀರ್ಷಿಕೆಯಲ್ಲಿ ಸಾಗರ ಎಂದಿದೆ, ಕೆಳಗಿರುವುದು ಹೊಸನಗರದ ದರ. ಎಲ್ಲವೂ ಓಡಿದೆ, ಯಾವುದೂ ಮುರಿದಿಲ್ಲ, ಹೇಳಿದ ದರ ಮಾತ್ರ ಸುಳ್ಳು. ಇದನ್ನು ಹಿಡಿಯಲು ಬ್ರೇಕ್‌ಪಾಯಿಂಟ್ ಉಪಯೋಗಕ್ಕೆ ಬರುವುದಿಲ್ಲ, ಏಕೆಂದರೆ ನಿಲ್ಲಿಸಿದಾಗ ಪುಟದ ಎಲ್ಲ ಸ್ಕ್ರಿಪ್ಟ್‌ಗಳೂ ನಿಂತು ಓಟದ ಕ್ರಮವೇ ಬದಲಾಗುತ್ತದೆ. ಅದರ ಬದಲು ಸಾಲಿನ ಸಂಖ್ಯೆಯ ಮೇಲೆ ಬಲಗ್ಲಿಕ್ ಮಾಡಿ ಲಾಗ್‌ಪಾಯಿಂಟ್ ಹಾಕಿರಿ. ಅದು ನಿಲ್ಲಿಸುವುದಿಲ್ಲ, ಕೊಟ್ಟ ಮೌಲ್ಯವನ್ನು ಕನ್ಸೋಲಿಗೆ ಬರೆದು ಮುಂದೆ ಸಾಗುತ್ತದೆ. ಡೆವ್‌ಟೂಲ್ಸ್‌ನ ಸೆಟ್ಟಿಂಗ್ಸ್‌ನ ಕನ್ಸೋಲ್ ಭಾಗದಲ್ಲಿ ಟೈಮ್‌ಸ್ಟ್ಯಾಂಪ್‌ಗಳನ್ನು ತೋರಿಸುವಂತೆ ಮಾಡಿಕೊಂಡರೆ ಯಾವುದು ಯಾವಾಗ ಬರೆಯಿತು ಎಂಬುದು ಸಾಲು ಸಾಲಾಗಿ ಕಾಣುತ್ತದೆ. ದೋಷವನ್ನು ಬೇಕೆಂದಾಗ ಮರುಕಳಿಸುವಂತೆ ಮಾಡಲು, ಪರೀಕ್ಷೆಯ ಸರ್ವರಿನಲ್ಲಿ ಹೊಸನಗರದ ಫೈಲಿಗೆ ಮಾತ್ರ 5 ಸೆಕೆಂಡ್ ತಡ ಹಾಕುವುದು ನೇರವಾದ ದಾರಿ. ಪರಿಹಾರವೂ ಸರಳ: ಪ್ರತಿ ಫೈಲು ಕೋಷ್ಟಕಕ್ಕೆ ಕೈಹಾಕುವ ಮುನ್ನ, ಈಗ ಆಯ್ಕೆಯಾಗಿರುವ ತಾಲ್ಲೂಕು ತನ್ನದೇ ಎಂದು ನೋಡಿಕೊಂಡು, ಅಲ್ಲದಿದ್ದರೆ ಸುಮ್ಮನಿರಬೇಕು.

ಎರಡು ಸಲ ಓಡುವುದು

ಆಯ್ಕೆ ಬದಲಿಸಿದಾಗಲೆಲ್ಲ ಹೊಸ ಟ್ಯಾಗನ್ನು ಸೇರಿಸುವ ಪುಟಗಳಲ್ಲಿ ಒಂದೇ ಫೈಲು ಮತ್ತೆ ಮತ್ತೆ ಓಡುತ್ತದೆ. ಕನ್ಸೋಲಿನಲ್ಲಿ ‘ಹ್ಯಾಸ್ ಆಲ್‌ರೆಡಿ ಬೀನ್ ಡಿಕ್ಲೇರ್ಡ್’ ಎಂದು ಬಂದರೆ, ಲೆಟ್ ಅಥವಾ ಕಾನ್ಸ್ಟ್ ಬಳಸಿ ಬರೆದ ಫೈಲು ಎರಡನೆಯ ಸಲ ಬಂದಿದೆ ಎಂದು ತಿಳಿಯಿರಿ. ವಾರ್ ಬಳಸಿದ್ದರೆ ಈ ಎಚ್ಚರಿಕೆಯೂ ಬರುವುದಿಲ್ಲ. ಗುಂಡಿಯನ್ನು ಒಮ್ಮೆ ಒತ್ತಿದರೆ ಕೆಲಸ ಎರಡು ಸಲ ನಡೆಯುವುದೊಂದೇ ಸುಳಿವು. ಎಲಿಮೆಂಟ್ಸ್ ಟ್ಯಾಬಿನಲ್ಲಿ ಆ ಗುಂಡಿಯನ್ನು ಆರಿಸಿ, ಪಕ್ಕದ ಈವೆಂಟ್ ಲಿಸನರ್ಸ್ ಭಾಗವನ್ನು ನೋಡಿದರೆ ಒಂದೇ ಬಗೆಯ ಎರಡು ನೋಂದಣಿಗಳು ಸಿಗುತ್ತವೆ. ಇದಕ್ಕೆ ತದ್ವಿರುದ್ಧವಾದದ್ದೂ ಉಂಟು: ಒಮ್ಮೆ ಓಡಿದ ಟ್ಯಾಗಿನ ಎಸ್‌ಆರ್‌ಸಿ ಬದಲಿಸಿದರೆ ಅದು ಮತ್ತೆ ಓಡುವುದಿಲ್ಲ, ಹೊಸ ಟ್ಯಾಗೇ ಬೇಕು.

ತುಂಡು ಫೈಲುಗಳು, ಬೇರೆ ತಾಣದ ಫೈಲುಗಳು

ವೆಬ್‌ಪ್ಯಾಕ್‌ನಂಥ ಸಾಧನಗಳಿಂದ ಕಟ್ಟಿದ ಪುಟಗಳಲ್ಲಿ ಚಂಕ್ ಲೋಡ್ ಎರರ್ ಎಂದು ಕಂಡರೆ, ಹೊಸ ಆವೃತ್ತಿಯನ್ನು ಸರ್ವರಿಗೆ ಏರಿಸಿದ ಸಮಯವನ್ನು ಮೊದಲು ವಿಚಾರಿಸಿರಿ. ಬೆಳಿಗ್ಗೆ ತೆರೆದ ಟ್ಯಾಬ್ ಹಳೆಯ ಹೆಸರಿನ ತುಂಡನ್ನೇ ಕೇಳುತ್ತದೆ, ಅದು ಮಧ್ಯಾಹ್ನ ಸರ್ವರಿನಿಂದ ಅಳಿಸಿಹೋಗಿರುತ್ತದೆ. ಹಳೆಯ ತುಂಡುಗಳನ್ನು ಕೆಲವು ದಿನ ಉಳಿಸಿಕೊಂಡರೆ ತೊಂದರೆ ನೀಗುತ್ತದೆ. ಮೂಲ ಕೋಡು ಕಾಣದೆ ಒತ್ತಿ ಕಿರಿದಾಗಿಸಿದ ಕೋಡೇ ಕಾಣುತ್ತಿದ್ದರೆ, ಅದನ್ನು ಮೂಲ ಕೋಡಿಗೆ ಹೊಂದಿಸಿ ತೋರಿಸುವ ಸೋರ್ಸ್ ಮ್ಯಾಪ್ ಫೈಲು ಬಂದಿಲ್ಲ. ಡೆವಲಪರ್ ರಿಸೋರ್ಸಸ್ ಎಂಬ ಟ್ಯಾಬಿನಲ್ಲಿ ಕಾರಣ ಸಿಗುತ್ತದೆ.

ಬೇರೆ ತಾಣದಿಂದ ಬಂದ ಸ್ಕ್ರಿಪ್ಟಿನ ದೋಷ ನಿಮ್ಮ ದೋಷವರದಿಯಲ್ಲಿ ಬರಿಯ ‘ಸ್ಕ್ರಿಪ್ಟ್ ಎರರ್’ ಎಂದಷ್ಟೇ ದಾಖಲಾಗುತ್ತಿದ್ದರೆ, ಟ್ಯಾಗಿಗೆ ಕ್ರಾಸ್‌ಆರಿಜಿನ್ ಗುಣವನ್ನು ಅನಾನಿಮಸ್ ಎಂದು ಕೊಡಬೇಕು. ಆ ತಾಣವೂ ಆಕ್ಸೆಸ್ ಕಂಟ್ರೋಲ್ ಅಲೋ ಆರಿಜಿನ್ ಹೆಡರನ್ನು ಕಳುಹಿಸಬೇಕು. ಎರಡನೆಯದು ಇಲ್ಲದೆ ಮೊದಲನೆಯದನ್ನು ಮಾತ್ರ ಮಾಡಿದರೆ ಫೈಲೇ ಬರುವುದಿಲ್ಲ.

ಮೊಬೈಲಿನಲ್ಲಿ ನೋಡುವುದು

ದೂರು ಬಂದಿರುವುದು ಮೊಬೈಲಿನಿಂದಾದ್ದರಿಂದ ಕೊನೆಗೆ ಮೊಬೈಲಿನಲ್ಲೇ ನೋಡಬೇಕು. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಬಿಲ್ಡ್ ನಂಬರ್ ಎಂಬುದನ್ನು 7 ಸಲ ಒತ್ತಿದರೆ ಡೆವಲಪರ್ ಆಪ್ಶನ್ಸ್ ತೆರೆದುಕೊಳ್ಳುತ್ತದೆ. ಅದರಲ್ಲಿ ಯುಎಸ್‌ಬಿ ಡೀಬಗ್ಗಿಂಗ್ ಚಾಲೂ ಮಾಡಿ, ಕೇಬಲ್ ಮೂಲಕ ಲ್ಯಾಪ್‌ಟಾಪಿಗೆ ಜೋಡಿಸಿ, ಫೋನಿನಲ್ಲಿ ಕೇಳುವ ಅನುಮತಿಯನ್ನು ಕೊಡಿ. ಲ್ಯಾಪ್‌ಟಾಪಿನ ಕ್ರೋಮ್‌ನಲ್ಲಿ ಇನ್‌ಸ್ಪೆಕ್ಟ್ ಎಂಬ ಒಳಪುಟವನ್ನು ತೆರೆದರೆ ಫೋನಿನಲ್ಲಿರುವ ಟ್ಯಾಬ್‌ಗಳ ಪಟ್ಟಿ ಕಾಣುತ್ತದೆ, ಅಲ್ಲಿಂದ ಮುಂದೆ ಮೇಲೆ ಹೇಳಿದ ಎಲ್ಲ ಕ್ರಮಗಳೂ ಹಾಗೆಯೇ ಅನ್ವಯಿಸುತ್ತವೆ. ಐಫೋನಿಗಾದರೆ ಮ್ಯಾಕ್ ಕಂಪ್ಯೂಟರ್ ಮತ್ತು ಸಫಾರಿ ಬೇಕಾಗುತ್ತದೆ. ಅದೇ ಒಳಪುಟದಲ್ಲಿರುವ ಪೋರ್ಟ್ ಫಾರ್ವರ್ಡಿಂಗ್ ಬಳಸಿ ಲ್ಯಾಪ್‌ಟಾಪಿನ ಸರ್ವರನ್ನು ಫೋನಿನಲ್ಲಿ ತೆರೆಯಲೂಬಹುದು, ಆದರೆ ಆಗ ಫೈಲುಗಳು ಕೇಬಲ್ ಮೂಲಕ ಬರುತ್ತವೆಯೇ ಹೊರತು ಟವರಿನ ಮೂಲಕವಲ್ಲ. ಹೊತ್ತು ತಪ್ಪುವ ದೋಷವನ್ನು ಹುಡುಕುತ್ತಿದ್ದರೆ ವೈಫೈ ಬಂದ್ ಮಾಡಿ, ಮೊಬೈಲ್ ಡೇಟಾದಲ್ಲಿ, ಹೊರಗಿನ ಸರ್ವರಿನಲ್ಲಿರುವ ಪರೀಕ್ಷಾ ಪುಟವನ್ನೇ ತೆರೆಯಬೇಕು.